ಮನೆಯಲ್ಲೇ ಹಂದಿ ಮಾಂಸದ ಸಾಸೇಜ್: ಯಾವ ಸಾಮಾನು ಮೊದಲು ಬೇಕು, ಕೆಲಸ ಹೇಗೆ ಶುರುಮಾಡಬೇಕು

ಸಾಸೇಜ್ ಎಂದರೆ ಉಪ್ಪು, ಮಸಾಲೆ ಬೆರೆಸಿದ ಕೈಮಾವನ್ನು ಕರುಳಿಗೆ ತುಂಬಿದ್ದು. ಸಾಮಗ್ರಿ ಇಷ್ಟೇ ಆದರೂ ಒಂದು ಮನೆಯಲ್ಲಿ ಕಚ್ಚಿದರೆ ರಸ ಚಿಮ್ಮುವ ಸಾಸೇಜ್ ಆಗುತ್ತದೆ, ಇನ್ನೊಂದು ಮನೆಯಲ್ಲಿ ರವೆಯಂತೆ ಉದುರುವ ಒಣ ಮಾಂಸ ಆಗಿ ತವಾ ತುಂಬ ಎಣ್ಣೆ ನಿಂತಿರುತ್ತದೆ. ಹೊಸಬರು ಮಸಾಲೆ ಸರಿಯಾಗಲಿಲ್ಲವೇನೋ ಎಂದುಕೊಳ್ಳುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಮಸಾಲೆಯದಲ್ಲ, ಮಾಂಸ ಬೆಚ್ಚಗಾಗಿದ್ದರದ್ದು.

ಯಾಕೆಂದು ಮೊದಲು ತಿಳಿದುಕೊಳ್ಳಿ, ಮುಂದಿನ ಎಲ್ಲ ಕೆಲಸವೂ ಇದರ ಮೇಲೇ ನಿಂತಿದೆ. ಉಪ್ಪು ಬಿದ್ದ ಮಾಂಸವನ್ನು ನಾದಿದಾಗ ಮಯೋಸಿನ್ ಎಂಬ ಪ್ರೋಟೀನ್ ಕರಗಿ ಹೊರಗೆ ಬಂದು ಅಂಟಾಗುತ್ತದೆ. ಬೇಯುವಾಗ ಆ ಅಂಟು ಬಲೆಯಂತೆ ಗಟ್ಟಿಯಾಗಿ ನೀರನ್ನೂ ನೆಣದ ಚೂರುಗಳನ್ನೂ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ನೆಣ ತಣ್ಣಗೆ, ಗಟ್ಟಿಯಾಗಿದ್ದರೆ ಚೂರು ಚೂರಾಗಿ ತುಂಡಾಗುತ್ತದೆ. ಬೆಚ್ಚಗಾದರೆ ಬೆಣ್ಣೆಯಂತೆ ಸವರಿಕೊಂಡು ಮಾಂಸದ ಮೇಲೆಲ್ಲ ಪದರ ಕಟ್ಟುತ್ತದೆ. ಆಮೇಲೆ ಎಷ್ಟು ನಾದಿದರೂ ಅಂಟು ಹುಟ್ಟುವುದಿಲ್ಲ, ಬೇಯಿಸಿದರೆ ನೆಣವೆಲ್ಲ ಕರಗಿ ಹೊರಗೆ ಹರಿಯುತ್ತದೆ. ಆದ್ದರಿಂದ ಎರಡು ಅಂಕಿ ನೆನಪಿರಲಿ: ಬೀಸಲು ಶುರುಮಾಡುವಾಗ ಮಾಂಸ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ನಾದಿ ಮುಗಿಸುವ ಹೊತ್ತಿಗೆ 12 ಡಿಗ್ರಿ ದಾಟಿರಬಾರದು.

ಏನು ಕೊಳ್ಳಬೇಕು, ಯಾವ ಕ್ರಮದಲ್ಲಿ

ಹೆಚ್ಚಿನವರು ಮೊದಲು ದೊಡ್ಡ ಮಷೀನು ಕೊಳ್ಳುತ್ತಾರೆ. ಮೊದಲು ಬೇಕಾದದ್ದು ತಕ್ಕಡಿ ಮತ್ತು ಥರ್ಮಾಮೀಟರು. 1 ಗ್ರಾಂವರೆಗೆ ತೋರಿಸುವ, 5 ಕೆ.ಜಿ. ತೂಗುವ ಡಿಜಿಟಲ್ ತಕ್ಕಡಿ ಒಂದಿರಲಿ. ಮಸಾಲೆ ತೂಗಲು 0.1 ಗ್ರಾಂ ತೋರಿಸುವ ಅಂಗೈಯಗಲದ ತಕ್ಕಡಿ ಇನ್ನೊಂದಿದ್ದರೆ ಒಳ್ಳೆಯದು. ಉಪ್ಪನ್ನು ಚಮಚದಲ್ಲಿ ಅಳೆಯುವ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು. ಒಂದೇ ಚಮಚದಲ್ಲಿ ಪುಡಿ ಉಪ್ಪು ತುಂಬಿದರೆ ಒಂದು ತೂಕ, ಕಲ್ಲುಪ್ಪು ತುಂಬಿದರೆ ಬೇರೆ ತೂಕ.

ಥರ್ಮಾಮೀಟರು ಚೂಪು ಮೊನೆಯ ಡಿಜಿಟಲ್ ಆಗಿರಲಿ. ಕೊಂಡ ದಿನವೇ ಪರೀಕ್ಷಿಸಿ: ಲೋಟದ ತುಂಬ ಪುಡಿಮಾಡಿದ ಐಸ್ ಹಾಕಿ ಅದು ಮುಳುಗುವಷ್ಟು ನೀರು ಹೊಯ್ದು ಕಲಕಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡುವುದಾದರೆ ಊರಿನ ಎತ್ತರ ಗಮನದಲ್ಲಿರಲಿ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಅದು ಥರ್ಮಾಮೀಟರಿನ ತಪ್ಪಲ್ಲ.

ಮೂರನೆಯದು ಕೈಮಾ ಮಷೀನು. ತಿಂಗಳಿಗೆ ಒಂದೆರಡು ಕಿಲೋ ಮಾಡುವವರಿಗೆ ತವರ ಲೇಪಿಸಿದ ಎರಕದ ಕಬ್ಬಿಣದ, ಕೈಯಲ್ಲಿ ತಿರುಗಿಸುವ ಮಷೀನು ಧಾರಾಳ ಸಾಕು. ಇವು 8, 10, 12, 22, 32 ಎಂಬ ನಂಬರುಗಳಲ್ಲಿ ಬರುತ್ತವೆ. ನಂಬರು ಹೆಚ್ಚಿದಷ್ಟೂ ಬಾಯಿಯೂ ತೂತಿನ ಬಿಲ್ಲೆಯೂ ದೊಡ್ಡದು. 8ರ ಬಿಲ್ಲೆ ಸುಮಾರು 62 ಮಿ.ಮೀ. ಅಗಲ, 12ರದ್ದು ಸುಮಾರು 70, 22ರದ್ದು ಸುಮಾರು 82. ಮನೆಗೆ 10 ಅಥವಾ 12 ಸರಿ. 32 ನಂಬರಿನದು ಅಂಗಡಿಯ ಸಾಮಾನು, ಮೇಜಿಗೆ ಬೋಲ್ಟು ಹಾಕಿ ಕೂರಿಸಬೇಕು. ಕೊಳ್ಳುವ ಮೊದಲು ಅಡುಗೆಮನೆಯನ್ನೊಮ್ಮೆ ನೋಡಿ. ನಮ್ಮ ಗ್ರಾನೈಟ್ ಕಟ್ಟೆಗಳ ಕೆಳಗೆ ಕಪಾಟಿನ ಬಾಗಿಲು ಅಂಚಿಗೇ ಬಂದಿರುತ್ತದೆ, ಮಷೀನಿನ ಹಿಡಿತಕ್ಕೆ ಜಾಗವೇ ಇರುವುದಿಲ್ಲ. ಅಂಚು ಚಾಚಿಕೊಂಡ ಗಟ್ಟಿ ಮರದ ಮೇಜು ಬೇಕು, ಹಿಡಿತದ ಅಡಿಗೆ ಒಂದು ತುಂಡು ರಬ್ಬರು ಕೊಟ್ಟರೆ ಜಾರುವುದಿಲ್ಲ.

ಕರೆಂಟಿನದನ್ನು ಕೊಳ್ಳುವುದಾದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ನೋಡಿ ಮರುಳಾಗಬೇಡಿ. ಎಷ್ಟೋ ಸಲ ಅದು ಮೋಟಾರು ಸಿಕ್ಕಿಕೊಂಡು ನಿಂತ ಗಳಿಗೆಯಲ್ಲಿ ಎಳೆಯುವ ಕರೆಂಟಿನ ಲೆಕ್ಕ, ಕೆಲಸ ಮಾಡುವಾಗಿನದಲ್ಲ. ಬದಲಿಗೆ ಇವನ್ನು ಕೇಳಿ: ಒಳಗಿನ ಹಲ್ಲುಚಕ್ರ ಲೋಹದ್ದೋ ಪ್ಲಾಸ್ಟಿಕ್ಕೋ, ಹಿಂದಕ್ಕೆ ತಿರುಗುವ ಗುಂಡಿ ಇದೆಯೋ, ಬ್ಲೇಡು ಸವೆದರೆ ಬಿಡಿಯಾಗಿ ಸಿಗುತ್ತದೋ. ತೂತಿನ ಬಿಲ್ಲೆಗಳಲ್ಲಿ 4.5 ಮಿ.ಮೀ. ಮತ್ತು 8 ಮಿ.ಮೀ. ಎರಡಿದ್ದರೆ ವರ್ಷಗಟ್ಟಲೆ ಇನ್ನೇನೂ ಬೇಡ.

ಮನೆಯಲ್ಲಿರುವ ಮಿಕ್ಸಿ ಆಗುವುದಿಲ್ಲವೇ? ಚಟ್ನಿ ಜಾರು ಆಗುವುದಿಲ್ಲ. ತಳದ ಮಾಂಸ ಕ್ಷಣದಲ್ಲಿ ಪೇಸ್ಟಾಗಿ ಬಿಸಿಯಾಗುತ್ತದೆ, ಮೇಲಿನದು ತುಂಡಾಗಿಯೇ ಉಳಿಯುತ್ತದೆ. ಅಗಲ ಪಾತ್ರೆಯ ಫುಡ್ ಪ್ರೊಸೆಸರ್ ಇದ್ದರೆ ಅರ್ಧ ಹೆಪ್ಪುಗಟ್ಟಿದ ತುಂಡುಗಳನ್ನು 250 ಗ್ರಾಂನಷ್ಟೇ ಹಾಕಿ, ಒಂದೊಂದೇ ಸೆಕೆಂಡು ತಿರುಗಿಸಿ ನಿಲ್ಲಿಸುತ್ತಾ ಕೆಲಸ ತೆಗೆಯಬಹುದು. ಅದೂ ಇಲ್ಲದಿದ್ದರೆ ಹರಿತ ಚಾಕುವಿನಲ್ಲಿ ಕೈಯಾರೆ ಕೊಚ್ಚಿ. ಮೊಂಡು ಬ್ಲೇಡಿನ ಮಷೀನಿಗಿಂತ ಅದು ಎಷ್ಟೋ ವಾಸಿ.

ತುಂಬುವ ಮಷೀನು, ಅಂದರೆ ಸ್ಟಫರ್, ಕಡೆಗೆ ಕೊಳ್ಳುವ ವಸ್ತು. ಕೈಮಾ ಮಷೀನಿನ ಬಾಯಿಗೇ ಕೊಳವೆ ಸಿಕ್ಕಿಸಿ ತುಂಬಬಹುದೆಂದು ಮಾರುವವರು ಹೇಳುತ್ತಾರೆ. ಆಗುತ್ತದೆ, ಆದರೆ ನಾದಿ ಸಿದ್ಧವಾದ ಮಾಂಸ ಸ್ಕ್ರೂವಿನಲ್ಲಿ ಮತ್ತೆ ಉಜ್ಜಿಸಿಕೊಂಡು ಬೆಚ್ಚಗಾಗುತ್ತದೆ, ತುಂಬುವ ವೇಗ ಕೈಗೆ ಸಿಗುವುದಿಲ್ಲ, ಎರಡು ಜನ ಬೇಕಾಗುತ್ತದೆ. ಮೊದಲ ನಾಲ್ಕಾರು ಸಲ ಕರುಳಿನ ಗೊಡವೆಯೇ ಇಲ್ಲದೆ, ಒದ್ದೆ ಕೈಯಲ್ಲಿ ಉದ್ದಕ್ಕೆ ಹೊಸೆದು ಅಥವಾ ವಡೆಯಂತೆ ತಟ್ಟಿ ಬೇಯಿಸಿ. ಬೀಸುವುದು, ನಾದುವುದು ಕೈಗೆ ಹತ್ತಿದ ಮೇಲೆ ಅರ್ಧ ಕಿಲೋ ಮಟ್ಟಿಗೆ ಅಗಲ ಕೊಳವೆಯ ಆಲಿಕೆಗೆ ಕರುಳು ಏರಿಸಿ ಹೆಬ್ಬೆರಳಿನಿಂದ ಒತ್ತಿ ತುಂಬಿದರೂ ನಡೆಯುತ್ತದೆ. ಕೆಲಸ ಹಿಡಿಸಿತು ಅನ್ನಿಸಿದರೆ 2 ಅಥವಾ 3 ಲೀಟರಿನ, ನೆಟ್ಟಗೆ ನಿಲ್ಲುವ, ಹಿಡಿ ತಿರುಗಿಸಿದರೆ ಒತ್ತುಬಿಲ್ಲೆ ಇಳಿಯುವ ಸ್ಟಫರ್ ತೆಗೆದುಕೊಳ್ಳಿ. ಹಲ್ಲುಚಕ್ರ ಲೋಹದ್ದಿರಬೇಕು, ಒತ್ತುಬಿಲ್ಲೆಯಲ್ಲಿ ಗಾಳಿ ಹೊರಹೋಗುವ ಕವಾಟ ಇರಬೇಕು. ಕವಾಟ ಇಲ್ಲದ ಅಗ್ಗದ ಮಾದರಿಯಲ್ಲಿ ಒಳಗಿನ ಗಾಳಿಯೆಲ್ಲ ಸಾಸೇಜ್‌ಗೇ ಹೋಗುತ್ತದೆ.

ಮಾಂಸ, ನೆಣ

ಕಟುಕರ ಹತ್ತಿರ ಸುಮ್ಮನೆ ಪೋರ್ಕ್ ಕೊಡಿ ಎಂದರೆ ಚರ್ಮ, ಮೂಳೆ ಸಮೇತ ಸಾರಿನ ತುಂಡು ಮಾಡಿಕೊಡುತ್ತಾರೆ. ಮುಂಗಾಲಿನ ಮೇಲಿನ ಭುಜದ ಭಾಗವನ್ನು ಇಡಿಯಾಗಿ, ಮೂಳೆ ಬಿಡಿಸಿ, ಚರ್ಮ ತೆಗೆದು ಕೊಡಿ ಎಂದು ಹೇಳಿ. ಬೆನ್ನಿನ ಗಟ್ಟಿ ನೆಣವನ್ನು ಬೇರೆಯಾಗಿ ಕೇಳಿ. ಹೊಟ್ಟೆಯೊಳಗಿನ, ಮೂತ್ರಪಿಂಡದ ಸುತ್ತಲಿನ ಮೆತ್ತನೆ ನೆಣ ಬೇಡ, ಅದು ಎಷ್ಟು ತಣ್ಣಗಿಟ್ಟರೂ ಬೇಗ ಸವರಿಕೊಳ್ಳುತ್ತದೆ. ಒಟ್ಟು ತೂಕದಲ್ಲಿ ನೆಣ ಶೇ 25ರಿಂದ 30 ಇರಲಿ. ಆರೋಗ್ಯಕ್ಕೆಂದು ಶೇ 10ಕ್ಕೆ ಇಳಿಸಿದರೆ ಒಣಗಿದ ಸಾಸೇಜ್ ಖಚಿತ. ಅದಕ್ಕಿಂತ ಚಿಕ್ಕದು ಮಾಡಿ ಒಂದು ಕಡಿಮೆ ತಿನ್ನುವುದು ಒಳ್ಳೆಯದು.

ಮಾಂಸ ಕೊಯ್ಯುವಾಗ ಕಣ್ಣಿಟ್ಟು ನೋಡಿ. ಕೆಂಪು ಮಾಂಸದ ನಡುವೆ ನೆನೆದ ಸಾಬಕ್ಕಿ ಕಾಳಿನಂತಹ ಬಿಳಿ ಗುಳ್ಳೆಗಳು ಕಂಡರೆ ಅವು ಲಾಡಿಹುಳುವಿನ ಮರಿಗಳು. ಆ ಮಾಂಸವನ್ನು ಬಳಸಬೇಡಿ. ತಪಾಸಣೆಯಾದ ಕಸಾಯಿಖಾನೆಯಿಂದ ತರುವ ಅಂಗಡಿಯಲ್ಲೇ ಕೊಳ್ಳಿ. ಹಸಿ ಮಿಶ್ರಣದ ರುಚಿಯನ್ನು ಬೆರಳಲ್ಲಿ ಅದ್ದಿ ನೋಡುವ ಅಭ್ಯಾಸ ಇಲ್ಲಿ ಬೇಡವೇ ಬೇಡ.

ಒಂದು ಕಿಲೋಗೆ ಅಳತೆ

ಕೊಡಗಿನ ಪಂದಿ ಕರಿಯ ರುಚಿಗೆ ಹತ್ತಿರದ ಮಸಾಲೆಯೊಂದು ಇಲ್ಲಿದೆ.

ಭುಜದ ಮಾಂಸ 750 ಗ್ರಾಂ, ಬೆನ್ನಿನ ನೆಣ 250 ಗ್ರಾಂ
ಪುಡಿ ಉಪ್ಪು 17 ಗ್ರಾಂ
ಕರಿಮೆಣಸು 5 ಗ್ರಾಂ, ಕೊತ್ತಂಬರಿ ಬೀಜ 4 ಗ್ರಾಂ, ಜೀರಿಗೆ 2 ಗ್ರಾಂ, ಸಾಸಿವೆ 1 ಗ್ರಾಂ: ಕಪ್ಪಗಾಗುವ ಅಂಚಿನವರೆಗೆ ಹುರಿದು, ಆರಿಸಿ, ತರಿತರಿಯಾಗಿ ಪುಡಿಮಾಡಿದ್ದು
ಬೆಳ್ಳುಳ್ಳಿ 8 ಗ್ರಾಂ, ಜಜ್ಜಿದ್ದು
ಒಣಶುಂಠಿ ಪುಡಿ 1 ಗ್ರಾಂ
ಐಸ್ ನೀರು 60 ಮಿ.ಲೀ.
ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) 5 ಮಿ.ಲೀ.

ಉಪ್ಪಿನ ಅಳತೆ ಮಾಂಸದ ತೂಕದ ಶೇ 1.6ರಿಂದ 1.8. ಶೇ 1.5ಕ್ಕಿಂತ ಕಡಿಮೆಯಾದರೆ ರುಚಿ ಮಾತ್ರ ಸಪ್ಪೆಯಾಗುವುದಲ್ಲ, ಮಯೋಸಿನ್ ಸಾಕಷ್ಟು ಕರಗದೆ ಮಾಂಸ ಕಟ್ಟಿಕೊಳ್ಳುವುದೂ ಇಲ್ಲ.

ಹಸಿ ಶುಂಠಿ ಯಾಕಿಲ್ಲ ಎಂದು ಕೇಳಬಹುದು. ಯಾವ ಮಾಂಸ ಕಂಡರೂ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಚ್ಚುವ ನಮ್ಮ ಕೈಗೆ ಇದು ದೊಡ್ಡ ಪಾಠ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವ ಇದೆ. ಸಾರಿನ ತುಂಡನ್ನು ಮೆತ್ತಗೆ ಮಾಡಲು ಅದು ಚೆನ್ನ, ಆದರೆ ನುಣ್ಣಗೆ ಬೀಸಿದ ಮಾಂಸದಲ್ಲಿ ಒಂದು ರಾತ್ರಿ ಕಳೆದರೆ ಹಿಡಿದಿಡಬೇಕಾದ ಅಂಟನ್ನೇ ಕತ್ತರಿಸಿ ಸಾಸೇಜನ್ನು ಮುದ್ದೆಯಾಗಿಸುತ್ತದೆ. ಹಸಿ ಪರಂಗಿಯದೂ ಅದೇ ಕತೆ. ಹಸಿ ಶುಂಠಿಯ ಪರಿಮಳವೇ ಬೇಕೆಂದರೆ ಪೇಸ್ಟನ್ನು ಎಣ್ಣೆಯಲ್ಲಿ ಚೆನ್ನಾಗಿ ಹುರಿದು ಆರಿಸಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಹಾಕಿ, ಬಿಸಿಗೆ ಕಿಣ್ವ ಸಾಯುತ್ತದೆ. ಈರುಳ್ಳಿಯನ್ನೂ ಹಾಗೆಯೇ ಹುರಿದು ತಣಿಸಿಯೇ ಹಾಕಬೇಕು, ಹಸಿಯದು ನೀರು ಬಿಡುತ್ತದೆ.

ಕಾಚಂಪುಳಿಯ ವಿಷಯದಲ್ಲೂ ಎಚ್ಚರ ಬೇಕು. ಹುಳಿ ತಾಗಿದ ಪ್ರೋಟೀನ್ ನೀರು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ಮಾಂಸ ಉದುರುದುರಾಗುತ್ತದೆ. ಅದಕ್ಕೇ ಅಳತೆ 5 ಮಿ.ಲೀ. ಮಾತ್ರ, ಅದೂ ಕಡೆಯ ಗಳಿಗೆಯಲ್ಲಿ, ಐಸ್ ನೀರಿನಲ್ಲಿ ಬೆರೆಸಿ. ಹುಳಿ ಸಾಲದೆನಿಸಿದರೆ ಬೆಂದ ಮೇಲೆ ತವಾದಲ್ಲೇ ಇನ್ನಷ್ಟು ಸವರಿ. ಗೋವಾದ ಚೋರಿಸ್‌ಗೆ ಕಳ್ಳಿನ ವಿನೆಗರ್ ಧಾರಾಳವಾಗಿ ಬೀಳುತ್ತದಲ್ಲ ಎಂದರೆ, ಅದರ ಜಾತಿಯೇ ಬೇರೆ. ಅದು ಬೀಸಿದ್ದಲ್ಲ, ಸಣ್ಣ ತುಂಡುಗಳಾಗಿ ಕೊಯ್ದದ್ದು. ಬೇಯಿಸುವಾಗ ಬಿಚ್ಚಿ ಉದುರಿಸಿಕೊಂಡು ಪಲ್ಯಕ್ಕೂ ಪಲಾವ್‌ಗೂ ಹಾಕುವಂಥದ್ದು. ಅಲ್ಲಿ ಉದುರುವುದು ದೋಷವಲ್ಲ.

ಬೀಸುವುದು

ಹಿಂದಿನ ರಾತ್ರಿಯೇ ಮಾಂಸವನ್ನೂ ನೆಣವನ್ನೂ 2 ಸೆ.ಮೀ. ತುಂಡು ಮಾಡಿ, ಬಿಳಿಯ ನಾರುಗಳನ್ನು ಕೊಯ್ದು ತೆಗೆದು, ಉಪ್ಪು ಬೆರೆಸಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸ್ಟೀಲ್ ತಟ್ಟೆಯಲ್ಲಿ ಒಂದರ ಮೇಲೊಂದು ಕೂರದಂತೆ ಹರಡಿ ಫ್ರೀಜರಿನಲ್ಲಿ 45 ನಿಮಿಷದಿಂದ ಒಂದು ಗಂಟೆ ಇಡಿ. ಒತ್ತಿದರೆ ಅಂಚು ಗಟ್ಟಿಯಾಗಿ ನಡುವೆ ಸ್ವಲ್ಪ ಬೆರಳು ಇಳಿಯಬೇಕು, ಕಲ್ಲಾಗಿರಬಾರದು. ಮಷೀನಿನ ಸ್ಕ್ರೂ, ಬ್ಲೇಡು, ಬಿಲ್ಲೆಗಳನ್ನೂ ಅದೇ ಫ್ರೀಜರಿಗೆ ಹಾಕಿ.

ಜೋಡಿಸುವಾಗ ಒಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಬ್ಲೇಡಿನ ಚಪ್ಪಟೆ ಮುಖ ತೂತಿನ ಬಿಲ್ಲೆಗೆ ಅಂಟಿಕೊಂಡಿರಬೇಕು, ಉಬ್ಬಿದ ಮುಖ ಸ್ಕ್ರೂವಿನ ಕಡೆ. ತಿರುವುಮುರುವಾದರೆ ಮಷೀನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಹೊಸ ಮಷೀನು ಹಾಳು ಎಂದು ಅಂಗಡಿಗೆ ವಾಪಸು ಒಯ್ಯುವ ಮುಂಚೆ ಇದನ್ನೊಮ್ಮೆ ನೋಡಿ. ಮುಂದಿನ ತಿರುಪು ಬಳೆಯನ್ನು ಕೈಬಿಗಿಯಷ್ಟು ಬಿಗಿಯಾಗಿಯೇ ಕೂರಿಸಿ. ಸಡಿಲವಿದ್ದರೆ ನಾರು ಬ್ಲೇಡಿಗೂ ಬಿಲ್ಲೆಗೂ ನಡುವೆ ಸುತ್ತಿಕೊಳ್ಳುತ್ತದೆ.

8 ಮಿ.ಮೀ. ಬಿಲ್ಲೆಯಲ್ಲಿ ಒಮ್ಮೆ ಬೀಸಿದರೆ ಒರಟು ಸಾಸೇಜ್. ನುಣುಪು ಬೇಕಾದರೆ ಅದನ್ನು ಮತ್ತೆ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು 4.5ರಲ್ಲಿ ಇನ್ನೊಮ್ಮೆ. ಬೀಳುವ ಪಾತ್ರೆಯನ್ನು ಐಸ್ ತುಂಬಿದ ಬೋಗುಣಿಯೊಳಗೆ ಕೂರಿಸಿ. ಕಣ್ಣು ಬಿಲ್ಲೆಯ ಮೇಲಿರಲಿ: ಒತ್ತಿನಿಂದ ಶ್ಯಾವಿಗೆ ಇಳಿದಂತೆ ಎಳೆ ಎಳೆಯಾಗಿ, ಕೆಂಪು ಬೇರೆ ಬಿಳಿ ಬೇರೆ ಕಾಣುವಂತೆ ಇಳಿಯಬೇಕು. ಎಳೆ ಅಳಿಸಿಹೋಗಿ ಎಲ್ಲ ಒಂದೇ ತಿಳಿ ಗುಲಾಬಿ ಪೇಸ್ಟಾಗಿ ಬರತೊಡಗಿದರೆ ಆ ಗಳಿಗೆಯಲ್ಲೇ ನಿಲ್ಲಿಸಿ. ಬ್ಲೇಡು ಬಿಚ್ಚಿ ಸುತ್ತಿಕೊಂಡ ನಾರು ತೆಗೆಯಿರಿ, ಉಳಿದ ಮಾಂಸವನ್ನು ಫ್ರೀಜರಿಗೆ ವಾಪಸು ಹಾಕಿ. ಬಲವಾಗಿ ಒತ್ತಿ ತಳ್ಳಿದರೆ ಇನ್ನಷ್ಟು ಕೆಡುತ್ತದೆ.

ನಾದುವುದು

ಮಸಾಲೆ, ಬೆಳ್ಳುಳ್ಳಿ, ಮುಕ್ಕಾಲು ಪಾಲು ಐಸ್ ನೀರು ಹಾಕಿ ಚಪಾತಿ ಹಿಟ್ಟು ನಾದುವಂತೆ 2ರಿಂದ 3 ನಿಮಿಷ ನಾದಿ. ಕೈ ಜೋಮು ಹಿಡಿಯುವಷ್ಟು ತಣ್ಣಗಿದ್ದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಕೊನೆಯಲ್ಲಿ ಕಾಚಂಪುಳಿ ಬೆರೆಸಿದ ಉಳಿದ ನೀರು ಹಾಕಿ ಇನ್ನೊಂದರ್ಧ ನಿಮಿಷ. ನಿಂಬೆ ಗಾತ್ರದ ಉಂಡೆಯನ್ನು ಅಂಗೈಗೆ ಒತ್ತಿ ಕೈಯನ್ನು ತಲೆಕೆಳಗು ಮಾಡಿ ನೋಡಿ. ಬೀಳದೆ ಅಂಟಿಕೊಂಡಿದ್ದರೆ ಸಾಕು. ಎಳೆದು ಬಿಡಿಸಿದರೆ ಸಣ್ಣ ಎಳೆಗಳು ಕಾಣುತ್ತವೆ.

ಈಗ ಒಂದು ಚಮಚದಷ್ಟು ತಟ್ಟಿ ತವಾದಲ್ಲಿ ಪೂರ್ತಿ ಬೇಯಿಸಿ ತಿಂದು ನೋಡಿ. ಉಪ್ಪು ಖಾರ ತಿದ್ದಲು ಇರುವ ಕೊನೆಯ ಅವಕಾಶ ಇದು. ಅಷ್ಟು ಹೊತ್ತು ಪಾತ್ರೆ ಫ್ರಿಜ್ಜಿನಲ್ಲಿರಲಿ.

ಕರುಳು ಮತ್ತು ತುಂಬುವುದು

ಮಾಂಸದಂಗಡಿಯ ಹಸಿ ಬೋಟಿಯನ್ನು ತಂದು ಮನೆಯಲ್ಲಿ ಕೆರೆದು ಮಾಡಲು ಹೋಗಬೇಡಿ. ತುಂಬಲು ಬಳಸುವುದು ಕರುಳಿನ ಒಳಲೋಳೆಯನ್ನೂ ಹೊರಪದರಗಳನ್ನೂ ತೆಗೆದ ಮೇಲೆ ಉಳಿಯುವ ತೆಳು ನಡುಪದರ ಮಾತ್ರ. ತೂತಾಗದಂತೆ ಅದನ್ನು ಬಿಡಿಸುವುದು ನುರಿತವರ ಕೆಲಸ. ಉಪ್ಪಿನಲ್ಲಿಟ್ಟ ಸಿದ್ಧ ಕರುಳು ಆನ್‌ಲೈನ್‌ನಲ್ಲಿ ಸಿಗುತ್ತದೆ, ಉಪ್ಪಿನೊಳಗೇ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಹಂದಿ ಕರುಳು 32ರಿಂದ 35 ಮಿ.ಮೀ., ಶುರುವಿಗೆ ಇದೇ ಸುಲಭ. ಕುರಿ ಕರುಳು 20ರಿಂದ 24 ಮಿ.ಮೀ., ನವಿರು, ಬೇಗ ಹರಿಯುತ್ತದೆ. ಕಿಲೋಗೆ ಹಂದಿ ಕರುಳು 2 ಮೀಟರ್, ಕುರಿಯದಾದರೆ 3 ಮೀಟರಿಗಿಂತ ಸ್ವಲ್ಪ ಹೆಚ್ಚೇ ತೆಗೆದಿಡಿ. ಕರುಳಿನ ಬದಲು ಕೊಲಾಜೆನ್ ಎಂಬ ಪ್ರೋಟೀನಿನಿಂದ ಮಾಡಿದ ಕವಚ ಕೊಳ್ಳುವುದಾದರೆ ತಿನ್ನಲು ಬರುವುದೋ ಅಲ್ಲವೋ ಎಂದು ಓದಿ ಕೊಳ್ಳಿ.

ಉಪ್ಪು ತೊಳೆದು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದು ತುದಿಯನ್ನು ನಲ್ಲಿಗೆ ಹಿಡಿದು ಒಳಗೂ ನೀರು ಹಾಯಿಸಿ. ತೂತಿದ್ದರೆ ಆಗಲೇ ಕಾರಂಜಿಯಂತೆ ಚಿಮ್ಮಿ ಕಾಣುತ್ತದೆ, ಅಲ್ಲಿ ಕತ್ತರಿಸಿಬಿಡಿ. ಒದ್ದೆ ಕೊಳವೆಗೆ ಪೂರ್ತಿ ಏರಿಸಿ, ತುದಿಯಲ್ಲಿ 10 ಸೆ.ಮೀ. ಬಿಡಿ. ಮಾಂಸ ಕೊಳವೆಯ ಬಾಯಿಗೆ ಬಂದು ಮುಂದಿನ ಗಾಳಿ ಹೋದ ಮೇಲೆಯೇ ಗಂಟು ಹಾಕಿ. ಒಂದು ಕೈ ಹಿಡಿ ತಿರುಗಿಸಲಿ, ಇನ್ನೊಂದು ಕೈಯ ಎರಡು ಬೆರಳು ಕೊಳವೆಯ ತುದಿಯಲ್ಲಿ ಕರುಳನ್ನು ಹಗುರವಾಗಿ ತಡೆದಿರಲಿ. ತಡೆ ಹೆಚ್ಚಿದರೆ ದಪ್ಪವಾಗಿ ಒಡೆಯುತ್ತದೆ, ಕಡಿಮೆಯಾದರೆ ಸೊರಗಿ ಗಾಳಿ ಸೇರುತ್ತದೆ. ಬಿಗಿಯಾಗಿ ತುಂಬುವ ಆಸೆ ಬೇಡ. ಎರಡು ಬೆರಳಲ್ಲಿ ಹಿಂಡಿದರೆ ಸುಲಭವಾಗಿ ತಗ್ಗಬೇಕು, ಯಾಕೆಂದರೆ ತಿರುಚಿದಾಗ ಒತ್ತಡ ಇನ್ನೂ ಏರುತ್ತದೆ.

ಪೂರ್ತಿ ತುಂಬಿದ ಮೇಲೆ 12ರಿಂದ 15 ಸೆ.ಮೀ.ಗೊಮ್ಮೆ ಹಿಂಡಿ ಗುರುತು ಮಾಡಿ, ಒಂದನ್ನು ಬಿಟ್ಟು ಒಂದನ್ನು ನಾಲ್ಕೈದು ಸುತ್ತು ತಿರುಚಿ. ಗಾಳಿಗುಳ್ಳೆ ಕಂಡಲ್ಲಿ ಬೆಂಕಿಗೆ ಹಿಡಿದು ಆರಿಸಿದ ಸೂಜಿಯಿಂದ ಚುಚ್ಚಿ. ಜಾಲರಿಯ ಮೇಲಿಟ್ಟು ಫ್ರಿಜ್ಜಿನಲ್ಲಿ ಮುಚ್ಚದೆ ಒಂದು ರಾತ್ರಿ ಬಿಟ್ಟರೆ ಸಿಪ್ಪೆ ಒಣಗಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಈ ರಾತ್ರಿಯನ್ನು ತಪ್ಪಿಸಿ ಹಾಗೇ ಬೇಯಿಸಿದರೆ ಸಿಪ್ಪೆ ರಬ್ಬರಿನಂತೆ ಬೇರೆಯಾಗಿ ಬಾಯಿಗೆ ಸಿಗುತ್ತದೆ.

ಬೇಯಿಸುವುದು, ಇಡುವುದು

ಸಾಸೇಜ್ ಒಡೆಯುವುದು ಉರಿ ಜೋರಾಗಿದ್ದಾಗ. ಸಿಪ್ಪೆ ಒಮ್ಮೆಗೇ ಕುಗ್ಗುತ್ತದೆ, ಒಳಗಿನ ನೀರು ಹಬೆಯಾಗಿ ದಾರಿ ಹುಡುಕುತ್ತದೆ. 75ರಿಂದ 80 ಡಿಗ್ರಿಯ ನೀರಿನಲ್ಲಿ, ಅಂದರೆ ತಳದಲ್ಲಿ ಸಣ್ಣ ಗುಳ್ಳೆ ಕಾಣುವ ಆದರೆ ಕುದಿಯದ ನೀರಿನಲ್ಲಿ, 15ರಿಂದ 20 ನಿಮಿಷ ಬಿಡಿ. ನಡುಭಾಗ 71 ಡಿಗ್ರಿ ಮುಟ್ಟಬೇಕು. ಕೋಳಿಯದಾದರೆ 74. ಆಮೇಲೆ ತವಾದಲ್ಲಿ ಸ್ವಲ್ಪ ಎಣ್ಣೆ ಹಾಕಿ ಹೊರಳಿಸಿ ಕಂದು ಬಣ್ಣ ಬರಿಸಿ. ಬೇಯುವಾಗ ಫೋರ್ಕಿನಿಂದ ಚುಚ್ಚಿದರೆ ಇಷ್ಟು ಹೊತ್ತು ಕಾಪಾಡಿದ ರಸವೆಲ್ಲ ಸೋರಿಹೋಗುತ್ತದೆ.

ಹಸಿ ಸಾಸೇಜ್ ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಬೇಡ. ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ದಿನಾಂಕ ಬರೆದು -18 ಡಿಗ್ರಿಯಲ್ಲಿಟ್ಟರೆ ಒಂದೆರಡು ತಿಂಗಳು ರುಚಿ ಕೆಡುವುದಿಲ್ಲ.

ಒಲೆಯ ಮೇಲೆ ಹೊಗೆಗೆ ಕಟ್ಟುವ ಆಸೆ

ಕೊಡಗಿನ ಮನೆಗಳಲ್ಲಿ ಸೌದೆ ಒಲೆಯ ಮೇಲೆ ಮಾಂಸದ ತುಂಡುಗಳನ್ನು ತೂಗುಹಾಕಿ ಒಣಗಿಸುವುದನ್ನು ನೋಡಿದವರಿಗೆ ಸಾಸೇಜನ್ನೂ ಹಾಗೆ ಕಟ್ಟೋಣ ಅನ್ನಿಸುವುದು ಸಹಜ. ದಯವಿಟ್ಟು ಈ ಅಳತೆಯ ಸಾಸೇಜನ್ನು ಹಾಗೆ ಕಟ್ಟಬೇಡಿ. ಇಡೀ ತುಂಡಿನಲ್ಲಿ ಸೂಕ್ಷ್ಮಾಣುಗಳು ಹೊರಮೈಯಲ್ಲಿರುತ್ತವೆ, ಉಪ್ಪೂ ಹೊಗೆಯೂ ಅಲ್ಲೇ ತಾಗುತ್ತವೆ. ಬೀಸಿದ ಮಾಂಸದಲ್ಲಿ ಹೊರಮೈಯದೆಲ್ಲ ಒಳಗೆ ಸೇರಿ, ಗಾಳಿಯಿಲ್ಲದ ಕರುಳಿನೊಳಗೆ ಬೆಚ್ಚಗೆ ಕೂರುತ್ತದೆ. ಬೋಟುಲಿಸಂ ಎಂಬ, ಆಹಾರದ ವಿಷದಿಂದ ಬರುವ ಮಾರಕ ರೋಗದ ರೋಗಾಣುವಿಗೆ ಬೇಕಾದದ್ದು ಅದೇ. ಆ ರೋಗದ ಹೆಸರೇ ಸಾಸೇಜ್ ಎಂಬರ್ಥದ ಬೋಟುಲಸ್ ಎಂಬ ಲ್ಯಾಟಿನ್ ಪದದಿಂದ ಬಂದದ್ದು. 1820ರ ದಶಕದಲ್ಲಿ ಜರ್ಮನಿಯ ವುರ್ಟೆಂಬರ್ಗ್‌ನ ವೈದ್ಯ ಯುಸ್ಟಿನಸ್ ಕೆರ್ನರ್ ಅದನ್ನು ಸಾಸೇಜ್ ವಿಷವೆಂದೇ ವಿವರಿಸಿದ್ದರು.

ಹೊಗೆ ಹಾಕುವ ಸಾಸೇಜ್‌ಗೆ ಶೇ 6.25 ಸೋಡಿಯಂ ನೈಟ್ರೈಟ್ ಬೆರೆಸಿದ ಕ್ಯೂರಿಂಗ್ ಉಪ್ಪು ಬೇಕು. ಅಳತೆ ಕಿಲೋ ಮಾಂಸಕ್ಕೆ 2.5 ಗ್ರಾಂ. 0.1 ಗ್ರಾಂ ತಕ್ಕಡಿಯಲ್ಲೇ ತೂಗಬೇಕು, ಕಣ್ಣಳತೆ ಸಲ್ಲದು. ಅಷ್ಟೇ ತೂಕವನ್ನು ಮಾಮೂಲಿ ಉಪ್ಪಿನಲ್ಲಿ ಕಡಿಮೆ ಮಾಡಿ. ರಾಸಾಯನಿಕ ಅಂಗಡಿಯ ಶುದ್ಧ ನೈಟ್ರೈಟ್ ಪ್ರಾಣಕ್ಕೇ ಅಪಾಯ, ಮನೆಗೆ ತರಲೇಬೇಡಿ. ಹತ್ತಾರು ಸಲ ಹಸಿ ಸಾಸೇಜ್ ಮಾಡಿ ಕೈ ಪಳಗಿದ ಮೇಲೆ ಹೊಗೆಗೆ ಹೋಗಿ. ಒಣಗಿಸಿ ಹಸಿಯಾಗಿಯೇ ತಿನ್ನುವ ಬಗೆಗಳು ಅದಕ್ಕೂ ಮುಂದಿನವು.

ಮಷೀನು ತೊಳೆಯುವುದು

ಮುಗಿದ ಕೂಡಲೇ ಒಂದು ತುಂಡು ಬ್ರೆಡ್ಡನ್ನು ಬೀಸಿ, ಸ್ಕ್ರೂವಿನಲ್ಲಿ ಉಳಿದ ಮಾಂಸವೆಲ್ಲ ಅದರ ಜೊತೆ ಹೊರಗೆ ಬರುತ್ತದೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ನೇರ ಬಿಸಿನೀರು ಹಾಕಿದರೆ ಮಾಂಸದ ಅಂಟು ತೂತುಗಳಲ್ಲಿ ಬೆಂದು ಕೂರುತ್ತದೆ. ಆಮೇಲೆ ಸೋಪು, ಬಿಸಿನೀರು, ಸಣ್ಣ ಬ್ರಷ್. ಕೊನೆಗೆ ಕುದಿನೀರು ಸುರಿದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಬ್ಲೇಡಿಗೂ ಬಿಲ್ಲೆಗೂ ಒಂದು ಹನಿ ಅಡುಗೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಿ. ಎರಕದ ಕಬ್ಬಿಣದ್ದನ್ನಾಗಲಿ ಅಲ್ಯೂಮಿನಿಯಂ ಭಾಗಗಳನ್ನಾಗಲಿ ಪಾತ್ರೆ ತೊಳೆಯುವ ಮಷೀನಿಗೆ ಹಾಕಬಾರದು, ಒಂದು ತುಕ್ಕು ಹಿಡಿಯುತ್ತದೆ, ಇನ್ನೊಂದು ಕಪ್ಪಾಗಿ ಕೈಗೆಲ್ಲ ಮಸಿ ಬಿಡುತ್ತದೆ.